ಗಂಟೆಗಳ ಲೆಕ್ಕ, ಅರ್ಹತೆಯ ಲೆಕ್ಕ

ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿ ಹೊರಬರುವ ಪೈಲಟ್ಟುಗಳು ನಾಗರಿಕ ಹಾರಾಟಕ್ಕೆ ಕಾಲಿಡುವ ಮುನ್ನ ಯಾವ ಅರ್ಹತೆಗಳನ್ನು, ಯಾವ ಕ್ರಮದಲ್ಲಿ ಗಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕೆಲವೇ ಕೆಲವರಿಗೆ ಸಂಬಂಧಿಸಿದ್ದು. ಆದರೆ ನಮ್ಮ ಮನೆಯ ಹಿರಿಯರನ್ನು ಕೇದಾರನಾಥಕ್ಕೆ ಕೊಂಡೊಯ್ಯುವವರು ಈ ಪೈಲಟ್ಟುಗಳೇ. ಮುಂಬಯಿಯ ಕಡಲಾಚೆ ತೈಲ ತೆಗೆಯುವ ಕಟ್ಟೆಗಳಿಗೆ ಇಂಜಿನಿಯರುಗಳನ್ನು ಮುಟ್ಟಿಸುವವರೂ, ಚುನಾವಣೆ ಬಂದರೆ ನಾಯಕರನ್ನು ಊರೂರಿಗೆ ಇಳಿಸುವವರೂ ಬಹುಮಟ್ಟಿಗೆ ಸೇನೆಯಲ್ಲಿ ಪಳಗಿದವರೇ. ಅವರ ಆಯ್ಕೆಯ ಫಲವನ್ನು ಹಿಂದಿನ ಆಸನದಲ್ಲಿ ಕುಳಿತವರೂ ಉಣ್ಣಬೇಕಾಗುತ್ತದೆ. ಆದ್ದರಿಂದ ಈ ವಿಷಯ ನಮ್ಮೆಲ್ಲರದು ಎಂದು ನಾನು ಭಾವಿಸುತ್ತೇನೆ.

ಪ್ರೌಢಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ಕಲಿಸಿಕೊಂಡಿದ್ದ ಮೇಷ್ಟ್ರಿಗೆ ಹೆಲಿಕಾಪ್ಟರಿನ ಗೊಡವೆ ಏಕೆ ಎಂದು ಓದುಗ ಮಿತ್ರರು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಾಯುಪಡೆಯಲ್ಲಿ ಅಲ್ಪಾವಧಿ ಕಮಿಷನ್ ಪಡೆದು, ಚೇತಕ್ ಮತ್ತು ಚೀತಾ ಹೆಲಿಕಾಪ್ಟರುಗಳನ್ನು ಹದಿನಾಲ್ಕು ವರ್ಷ ಹಾರಿಸಿದವಳು. ಅಲ್ಪಾವಧಿ ಕಮಿಷನ್ನಿನವರಿಗೆ ಪಿಂಚಣಿಯಿಲ್ಲ. ಮೂವತ್ತೇಳರ ವಯಸ್ಸಿಗೆ ಸಮವಸ್ತ್ರ ಕಳಚಿಟ್ಟು, ಕೈಗೆ ಬಂದ ಇಡಿಗಂಟಿನ ಹಣದಲ್ಲಿ ಮುಂದಿನ ಬದುಕನ್ನು ಕಟ್ಟಿಕೊಳ್ಳಬೇಕು. "ಸರ್, ಇರುವ ದುಡ್ಡು ಒಂದು ಸಲ ಖರ್ಚು ಮಾಡುವಷ್ಟು ಮಾತ್ರ. ತಪ್ಪು ಪರೀಕ್ಷೆಗೆ ಕಟ್ಟಿದರೆ ಇನ್ನೊಂದಕ್ಕೆ ಉಳಿಯುವುದಿಲ್ಲ. ಯಾವುದಕ್ಕೆ ಹಾಕಲಿ?" ಎಂದು ಆಕೆ ಕೇಳಿದಳು. ನಾನು ಹಾರಿದವನಲ್ಲ. ಆದರೆ ಆಕೆ ಕಳುಹಿಸಿದ ನಿಯಮಾವಳಿಗಳನ್ನೂ ಪಠ್ಯಗಳನ್ನೂ ತಿಂಗಳುಗಟ್ಟಲೆ ಜತೆಯಲ್ಲಿ ಓದಿದೆ. ಆ ಓದಿನಿಂದ ನನ್ನಲ್ಲಿ ಮೂಡಿದ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಂಟೆಗಳ ಮಾತು. ಪೈಲಟ್ಟಿನ ಬಂಡವಾಳವೆಂದರೆ ಆತನ ಹಾರಾಟದ ದಿನಚರಿ ಪುಸ್ತಕ, ಅಂದರೆ ಲಾಗ್ ಬುಕ್. ಸೇನೆಯಿಂದ ಬಂದವರ ಪುಸ್ತಕದಲ್ಲಿ ಎರಡು ಸಾವಿರ, ಮೂರು ಸಾವಿರ ಗಂಟೆಗಳಿರುವುದು ವಿಶೇಷವಲ್ಲ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಹೆಲಿಕಾಪ್ಟರಿನ ವಾಣಿಜ್ಯ ಪರವಾನಗಿಗೆ ಬೇಕಾದದ್ದು 150 ಗಂಟೆಗಳ ಅನುಭವ, ಅನುಮೋದಿತ ತರಬೇತಿಯ ಮೂಲಕ ಬಂದವರಿಗೆ 100. ಅತ್ಯುನ್ನತ ಪರವಾನಗಿಯಾದ ಎಟಿಪಿಎಲ್‌ಗೆ 1000 ಗಂಟೆ. ಈ ಲೆಕ್ಕದಲ್ಲಿ ನಮ್ಮ ಸೈನಿಕ ಪೈಲಟ್ಟುಗಳು ಎಂದೋ ದಡ ಮುಟ್ಟಿದವರು. ಆದರೆ ನಾಗರಿಕ ಜಗತ್ತು ಎಷ್ಟು ಗಂಟೆ ಎಂದು ಕೇಳಿ ಸುಮ್ಮನಾಗುವುದಿಲ್ಲ, ಎಂತಹ ಗಂಟೆ ಎಂದೂ ಕೇಳುತ್ತದೆ. ಒಂದು ಇಂಜಿನ್ನಿನದೋ ಎರಡರದೋ? ಹಗಲಿನದೋ ರಾತ್ರಿಯದೋ? ಕಣ್ಣಿಗೆ ನೆಲ ಕಾಣುತ್ತಿದ್ದಾಗಲೋ, ಉಪಕರಣಗಳನ್ನಷ್ಟೇ ನೋಡಿಕೊಂಡೋ? ಒಬ್ಬರೇ ಹಾರಿಸಿದ್ದೋ, ಇಬ್ಬರು ಕೆಲಸ ಹಂಚಿಕೊಂಡದ್ದೋ?

ಚೀತಾ ಹೆಲಿಕಾಪ್ಟರ್ ಸಾಮಾನ್ಯವಾದುದಲ್ಲ. ಅದರ ಮೂಲರೂಪವಾದ ಫ್ರಾನ್ಸಿನ ಲಾಮಾ 1972ರಲ್ಲಿ 12,442 ಮೀಟರ್ ಎತ್ತರಕ್ಕೇರಿ ದಾಖಲೆ ಮಾಡಿತು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಚೀತಾಗಳು ಹಿಮಾಲಯದ ತುದಿಗಳಲ್ಲಿ ಸೈನಿಕರಿಗೆ ಅನ್ನ, ಔಷಧಿ ಮುಟ್ಟಿಸಿವೆ. ಅಂತಹ ಯಂತ್ರವನ್ನು ಅಂತಹ ಜಾಗದಲ್ಲಿ ಇಳಿಸಿದವರ ಕೈಚಳಕವನ್ನು ಯಾವ ಪರೀಕ್ಷೆಯೂ ಅಳೆಯಲಾರದು. ಹಾಗಿದ್ದರೂ ಅದು ಒಂದೇ ಇಂಜಿನ್ನಿನ, ಬಹುತೇಕ ಕಣ್ಣಳತೆಯಲ್ಲೇ ಹಾರಿಸುವ ಯಂತ್ರ. ಮೂವತ್ತು ವರ್ಷ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದವರನ್ನೂ ಸರ್ಕಾರ "ನಿಮ್ಮ ಬಿ.ಎಡ್. ಎಲ್ಲಿ?" ಎಂದು ಕೇಳುತ್ತದೆಯಲ್ಲವೇ? ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಅನುಭವ ಒಂದು ಬಗೆಯ ಸಾಕ್ಷಿಯಾದರೆ ಅರ್ಹತೆ ಇನ್ನೊಂದು ಬಗೆಯದು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ನಾಗರಿಕ ಹಾರಾಟದ ಅರ್ಹತೆಗಳಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಪರವಾನಗಿ: ವಾಣಿಜ್ಯ ಪರವಾನಗಿ ಅಥವಾ ಎಟಿಪಿಎಲ್. ಎರಡನೆಯದು ಆ ಪರವಾನಗಿಯ ಮೇಲೆ ಸೇರುವ ವಿಶೇಷ ಅರ್ಹತೆಗಳು. ಉಪಕರಣಾಧಾರಿತ ಹಾರಾಟಕ್ಕೆ ಇನ್‌ಸ್ಟ್ರುಮೆಂಟ್ ರೇಟಿಂಗ್, ಕಲಿಸುವುದಕ್ಕೆ ಇನ್‌ಸ್ಟ್ರಕ್ಟರ್ ರೇಟಿಂಗ್. ಮೂರನೆಯದು ಟೈಪ್ ರೇಟಿಂಗ್, ಅಂದರೆ ಇಂಥ ಮಾದರಿಯ ಹೆಲಿಕಾಪ್ಟರನ್ನು ಹಾರಿಸಬಲ್ಲರೆಂಬ ಮುದ್ರೆ. ಇವು ಬೇರೆ ಬೇರೆಯೆಂಬುದನ್ನು ಮರೆಯಬಾರದು. ಯೂರೋಪಿನ ನಿಯಮಗಳಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲದೆಯೂ ಹೆಲಿಕಾಪ್ಟರಿನ ಎಟಿಪಿಎಲ್ ಪಡೆಯಬಹುದು. ಅಂದರೆ ದೊಡ್ಡ ಪರವಾನಗಿ ಕೈಯಲ್ಲಿದ್ದ ಮಾತ್ರಕ್ಕೆ ಮೋಡದೊಳಗೆ ಹಾರುವ ಅರ್ಹತೆಯೂ ಇದೆಯೆಂದು ತಿಳಿಯಲಾಗದು.

ಹೊರಬಂದವರಲ್ಲಿ ಅನೇಕರು ಹಿಡಿಯುವ ದಾರಿ ಮೂರನೆಯ ಮೆಟ್ಟಿಲಿನಿಂದ ಆರಂಭವಾಗುತ್ತದೆ. ಯಾವ ಕಂಪನಿಯಲ್ಲಿ ಯಾವ ಮಾದರಿಗೆ ಬೇಡಿಕೆಯಿದೆಯೆಂದು ವಿಚಾರಿಸಿ, ಆ ಮಾದರಿಯ ಟೈಪ್ ರೇಟಿಂಗಿಗೆ ಕೈಯಿಂದ ಹಣ ಕಟ್ಟುವುದು. ಋತು ಬಂದೊಡನೆ ಕೆಲಸಕ್ಕೆ ಸೇರುವುದು. ಮನೆಯ ಖರ್ಚು ಕಾಯುವುದಿಲ್ಲ, ಆದ್ದರಿಂದ ಈ ಆತುರ ನನಗೆ ಅರ್ಥವಾಗುತ್ತದೆ. ಆದರೂ ಲಾಳ ಸಿಕ್ಕಿತೆಂದು ಕುದುರೆ ಕೊಂಡಂತೆ ಇದು. ನನ್ನ ಅಭಿಪ್ರಾಯದಲ್ಲಿ ಕ್ರಮ ಹೀಗಿರಬೇಕು: ಮೊದಲು ವೈದ್ಯಕೀಯ ಪರೀಕ್ಷೆ, ಬಳಿಕ ಎಟಿಪಿಎಲ್ ಮಟ್ಟದ ಓದು, ಅನಂತರ ಎರಡು ಇಂಜಿನ್ನಿನ ಯಂತ್ರದಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್, ಎಲ್ಲಕ್ಕಿಂತ ಕೊನೆಗೆ ಟೈಪ್ ರೇಟಿಂಗ್.

ವೈದ್ಯಕೀಯ ಪರೀಕ್ಷೆ ಮೊದಲೇಕೆ? ಸೇನೆಯ ವೈದ್ಯಕೀಯ ವರ್ಗೀಕರಣ ಬೇರೆ, ನಾಗರಿಕ ವಿಮಾನಯಾನದ ಒಂದನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇರೆ. ಕಿವಿಯೋ ಬೆನ್ನೋ ಹೃದಯವೋ ತಕರಾರು ತೆಗೆದರೆ ಉಳಿದೆಲ್ಲ ಪರೀಕ್ಷೆಗಳಿಗೆ ಸುರಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ. ಈ ಪರೀಕ್ಷೆ ನಡೆಸುವ ಪ್ರಮುಖ ಕೇಂದ್ರಗಳಲ್ಲೊಂದಾದ ವೈಮಾನಿಕ ವೈದ್ಯಕೀಯ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ.

ಎರಡನೆಯದು ಓದು. ವಾಯು ನಿಯಮಗಳು, ಸಂಚಾರ ವಿದ್ಯೆ, ಹವಾಮಾನ ಶಾಸ್ತ್ರ, ಯಂತ್ರಜ್ಞಾನ, ಇವುಗಳ ಜೊತೆಗೆ ರೇಡಿಯೋ ದೂರವಾಣಿಯ ಆರ್‌ಟಿಆರ್ ಪರೀಕ್ಷೆ. ಇದನ್ನು ಬಹುಕಾಲ ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು. 2025ರ ಜನವರಿ 1ರಂದು ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದು 1934ರ ಹಳೆಯ ಕಾಯಿದೆ ರದ್ದಾದಾಗ ಈ ಹೊಣೆಯೂ ಡಿಜಿಸಿಎಗೆ ಬಂದಿತು. ನಿಯಮಗಳು ಹೀಗೆ ಬದಲಾಗುತ್ತಿರುವುದರಿಂದ ಹಳೆಯ ಸಹೋದ್ಯೋಗಿ ಐದು ವರ್ಷದ ಹಿಂದೆ ಹೇಳಿದ್ದನ್ನು ನಂಬಿ ಕೂರದೆ, ಅರ್ಜಿ ಹಾಕುವ ದಿನದ ನಿಯಮವನ್ನೇ ಓದಿಕೊಳ್ಳಬೇಕು. ಮುಖ್ಯವಾಗಿ ಈ ಓದನ್ನು ಸೇವೆಯಲ್ಲಿರುವಾಗಲೇ, ಸಂಬಳ ಬರುತ್ತಿರುವಾಗಲೇ, ಕಡೆಯ ಎರಡು ಮೂರು ವರ್ಷಗಳಲ್ಲಿ ಮುಗಿಸಬೇಕು. ಗಂಟೆಗಳು ಹೇಗೂ ಇರುವುದರಿಂದ ವಾಣಿಜ್ಯ ಪರವಾನಗಿಯ ಮಟ್ಟಕ್ಕೆ ನಿಲ್ಲದೆ ಎಟಿಪಿಎಲ್ ಮಟ್ಟದವರೆಗೆ ಓದುವುದೇ ಜಾಣತನ. ನಲವತ್ತರ ಹತ್ತಿರ ಪುಸ್ತಕ ಹಿಡಿಯುವುದು ಕಷ್ಟ. ಒಮ್ಮೆ ಬಿಟ್ಟು ಮತ್ತೊಮ್ಮೆ ಹಿಡಿಯುವುದು ಇನ್ನೂ ಕಷ್ಟ. ಇದು ನನ್ನ ವೃತ್ತಿಯ ಅನುಭವದ ಮಾತು.

ಇನ್ನು ಇನ್‌ಸ್ಟ್ರುಮೆಂಟ್ ರೇಟಿಂಗ್. ಈ ಬರಹದ ತಿರುಳೇ ಇದು. ನಮ್ಮ ಒಳಕಿವಿಯಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳಿವೆ. ಅವುಗಳೊಳಗಿನ ದ್ರವ ಚಲಿಸಿದಾಗ ನಾವು ತಿರುಗುತ್ತಿದ್ದೇವೆಂದು ಮೆದುಳಿಗೆ ತಿಳಿಯುತ್ತದೆ. ಒಂದೇ ವೇಗದಲ್ಲಿ ಕೆಲವು ಕ್ಷಣ ತಿರುಗುತ್ತಲೇ ಇದ್ದರೆ ದ್ರವವೂ ನಾಳದ ಜತೆಗೆ ಒಂದಾಗಿ ತಿರುಗತೊಡಗಿ, ನೆಟ್ಟಗೆ ಹೋಗುತ್ತಿದ್ದೇವೆಂಬ ಭ್ರಮೆ ಹುಟ್ಟುತ್ತದೆ. ನೆಲವೋ ದಿಗಂತವೋ ಕಾಣುತ್ತಿದ್ದರೆ ಕಣ್ಣು ಈ ಸುಳ್ಳನ್ನು ತಿದ್ದುತ್ತದೆ. ಮೋಡ ಹೊಕ್ಕೊಡನೆ ತಿದ್ದುವವರಿಲ್ಲ. ಸಾವಿರಾರು ಗಂಟೆಗಳ ಅನುಭವವೂ ಒಳಕಿವಿಯ ಈ ಸ್ವಭಾವವನ್ನು ಬದಲಿಸಲಾರದು. ವಿಮಾನಕ್ಕೆ ಹೋಲಿಸಿದರೆ ಹೆಲಿಕಾಪ್ಟರಿಗೆ ತಾನಾಗಿ ಸಮತೋಲಕ್ಕೆ ಮರಳುವ ಗುಣ ಕಡಿಮೆಯಾದ್ದರಿಂದ, ತಪ್ಪು ತಿದ್ದಿಕೊಳ್ಳಲು ಸಿಗುವ ಸಮಯವೂ ಕಡಿಮೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಉಪಕರಣಾಧಾರಿತ ಹಾರಾಟದ ತರಬೇತಿಯಿಲ್ಲದ 20 ಪೈಲಟ್ಟುಗಳನ್ನು ಸಣ್ಣ ವಿಮಾನದಲ್ಲಿ ಕೂರಿಸಿ, ಹೊರಗಿನದೇನೂ ಕಾಣದಂತೆ ಮಾಡಲಾಯಿತು. ಇಪ್ಪತ್ತೂ ಮಂದಿ ವಿಮಾನದ ಮೇಲಿನ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು, ಮೂರು ನಿಮಿಷಕ್ಕಿಂತ ಕಡಿಮೆ. ಈ ಅಂಕಿಯನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಪ್ರಯೋಗದ ಉತ್ತರಾರ್ಧವನ್ನು ಹೇಳುವವರು ಕಡಿಮೆ. ಅದೇ ಪೈಲಟ್ಟುಗಳಿಗೆ ಕೆಲವೇ ಗಂಟೆಗಳ ಕಾಲ ಒಂದು ಸರಳ ಪಾಠ ಹೇಳಿಕೊಡಲಾಯಿತು: ಉಪಕರಣಗಳನ್ನು ನಂಬಿ, ನಿಧಾನವಾಗಿ ಅರ್ಧ ಸುತ್ತು ತಿರುಗಿ ಬಂದ ದಾರಿಯಲ್ಲೇ ಹಿಂದಿರುಗುವುದು. ಆ ಬಳಿಕ ಬಹುತೇಕ ಎಲ್ಲ ಪ್ರಯತ್ನಗಳೂ ಸುರಕ್ಷಿತವಾಗಿ ಮುಗಿದವು. ಹಿಂದಿರುಗುವುದೂ ಕಲಿಸಬಹುದಾದ ವಿದ್ಯೆ ಎಂಬುದನ್ನು ನಾನು ಇದರಿಂದ ತಿಳಿದೆ.

ಸೈನಿಕ ಪೈಲಟ್ಟಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಗಾಯಗೊಂಡ ಜವಾನನೊಬ್ಬ ಮೇಲೆ ಕಾಯುತ್ತಿರುವಾಗ "ಹವಾಮಾನ ಸರಿಯಿಲ್ಲ, ಹಿಂದಿರುಗುತ್ತೇನೆ" ಎನ್ನುವುದು ಸುಲಭವಲ್ಲ, ಕೆಲವೊಮ್ಮೆ ಹೋಗಲೇಬೇಕು. ಯಾತ್ರಿಕರು ಕಾಯುತ್ತಿದ್ದರೆ ಹಾಗಲ್ಲ. ಅವರು ನಾಳೆ ಹೋಗಬಹುದು. ಕೆಲಸದ ಸ್ವರೂಪ ಬದಲಾದಾಗ ಧೈರ್ಯದ ಅರ್ಥವೂ ಬದಲಾಗುತ್ತದೆ. 2025ರ ಜೂನ್ 15ರ ಬೆಳಗಿನ ಜಾವ ಕೇದಾರನಾಥದಿಂದ ಗುಪ್ತಕಾಶಿಗೆ ಮರಳುತ್ತಿದ್ದ ಹೆಲಿಕಾಪ್ಟರ್ ಗೌರೀಕುಂಡದ ಬಳಿ ಬಿದ್ದು ಏಳು ಮಂದಿ ತೀರಿಕೊಂಡರು. ಅವರಲ್ಲೊಂದು ಹಸುಗೂಸೂ ಇತ್ತು. ಕಣಿವೆಯಲ್ಲಿ ಮೋಡ ಕವಿದಿತ್ತೆಂದು ಆಗ ವರದಿಯಾಯಿತು. 2022ರ ಅಕ್ಟೋಬರ್ 18ರಂದು ಅದೇ ಯಾತ್ರಾಮಾರ್ಗದಲ್ಲಿ ಇನ್ನೊಂದು ಹೆಲಿಕಾಪ್ಟರ್ ಬಿದ್ದು ಏಳು ಮಂದಿ ಸತ್ತಿದ್ದರು. ಮೃತರ ಮೇಲೆ ದೋಷ ಹೊರಿಸುವುದು ನನ್ನ ಉದ್ದೇಶವಲ್ಲ. ಆ ಕಣಿವೆಗೆ ಹೋಗುವವರ ಕೈಯಲ್ಲಿ ಯಾವ ವಿದ್ಯೆಯಿರಬೇಕೆಂಬುದಷ್ಟೇ ನನ್ನ ಚಿಂತೆ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ತೂಕವುಳ್ಳವು. ಕೇದಾರನಾಥದಂತಹ ಇಕ್ಕಟ್ಟಾದ ಕಣಿವೆಯಲ್ಲಿ ಉಪಕರಣಗಳ ಆಧಾರದಿಂದ ಇಳಿಯುವ ವ್ಯವಸ್ಥೆಯೇ ಇಲ್ಲ, ಅಲ್ಲಿನ ಹಾರಾಟವೆಲ್ಲ ಕಣ್ಣಳತೆಯದು. ಹಾಗಿರುವಾಗ ಈ ದುಬಾರಿ ರೇಟಿಂಗಿನಿಂದ ಏನು ಪ್ರಯೋಜನ ಎಂಬುದು ಮೊದಲನೆಯದು. ಎರಡನೆಯದು ಇನ್ನೂ ಬಲವಾದುದು. 2020ರ ಜನವರಿ 26ರಂದು ಕ್ಯಾಲಿಫೋರ್ನಿಯದ ಕ್ಯಾಲಬಾಸಸ್ ಬೆಟ್ಟಗಳಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಅವರೂ ಸೇರಿ ಒಂಬತ್ತು ಮಂದಿ ಹೆಲಿಕಾಪ್ಟರ್ ದುರಂತದಲ್ಲಿ ಮಡಿದರು. ಆ ಯಂತ್ರಕ್ಕೆ ಎರಡು ಇಂಜಿನ್ನುಗಳಿದ್ದವು. ಪೈಲಟ್ಟಿಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇತ್ತು. ಆದರೂ ಮೋಡದೊಳಗೆ ದಿಕ್ಕಿನ ಅರಿವು ತಪ್ಪಿತೆಂದು ಅಲ್ಲಿನ ತನಿಖಾ ಮಂಡಳಿ ಹೇಳಿತು.

ಎರಡನೆಯದಕ್ಕೆ ಉತ್ತರ ಆ ತನಿಖೆಯಲ್ಲೇ ಇದೆ. ಆ ಸಂಸ್ಥೆಗೆ ಅನುಮತಿಯಿದ್ದುದು ಕಣ್ಣಳತೆಯ ಹಾರಾಟಕ್ಕೆ ಮಾತ್ರ. ಅಂದರೆ ಪೈಲಟ್ಟಿನ ವಿದ್ಯೆಗೆ ದಿನನಿತ್ಯದ ಕೆಲಸದಲ್ಲಿ ಸ್ಥಾನವೇ ಇರಲಿಲ್ಲ. ಸಾಣೆ ಹಿಡಿಯದ ಕುಡುಗೋಲು ತುಕ್ಕು ಹಿಡಿಯುತ್ತದೆ. ಆದ್ದರಿಂದ ರೇಟಿಂಗ್ ಪಡೆದವರು ಕೆಲಸ ಕೇಳಲು ಹೋದಾಗ ಸಂಬಳ ಎಷ್ಟು ಎಂಬುದರ ಜತೆಗೆ ಮತ್ತೂ ಕೆಲವನ್ನು ಕೇಳಬೇಕು: ವರ್ಷಕ್ಕೆ ಎಷ್ಟು ಸಲ ಸಿಮ್ಯುಲೇಟರಿಗೆ ಕಳುಹಿಸುತ್ತೀರಿ? ಉಪಕರಣಾಧಾರಿತ ಹಾರಾಟ ನಿಮ್ಮಲ್ಲಿ ನಿಜವಾಗಿ ನಡೆಯುತ್ತದೆಯೇ? ಹವಾಮಾನ ನೋಡಿ ಹಿಂದಿರುಗಿದವರನ್ನು ನೀವು ಹೇಗೆ ಕಾಣುತ್ತೀರಿ?

ಮೊದಲನೆಯ ಆಕ್ಷೇಪಕ್ಕೆ ನನ್ನ ಉತ್ತರವಿಷ್ಟು. ಕಣಿವೆಯೊಳಗೆ ಮೋಡವನ್ನು ಸೀಳಿಕೊಂಡು ಹೋಗಲೆಂದು ಯಾರೂ ಈ ರೇಟಿಂಗ್ ಪಡೆಯಬಾರದು. ಮೋಡದೊಳಗೆ ತನ್ನ ಇಂದ್ರಿಯಗಳು ಎಷ್ಟು ಬೇಗ ಮೋಸ ಮಾಡುತ್ತವೆಂಬುದನ್ನು ಗುರುವಿನ ಎದುರಿನಲ್ಲಿ ಮತ್ತೆ ಮತ್ತೆ ಕಂಡವರು ಮೋಡದ ಅಂಚಿನಲ್ಲೇ ತಿರುಗಿಕೊಳ್ಳುತ್ತಾರೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಕೈಯಲ್ಲಿ ಒಂದು ಇಂಜಿನ್ನಿನ ಟೈಪ್ ರೇಟಿಂಗ್ ಮಾತ್ರ ಇರುವವರಿಗೆ ಋತುವಿನ ಯಾತ್ರಾ ಹಾರಾಟದಂತಹ ಒಂದೆರಡು ಬಾಗಿಲುಗಳಷ್ಟೇ ತೆರೆದಿರುತ್ತವೆ. ಬೇರೆ ಬಾಗಿಲಿಲ್ಲದವರಿಗೆ ಮಾಲೀಕರ ಎದುರು "ಇಂದು ಹಾರುವುದಿಲ್ಲ" ಎನ್ನುವುದು ಕಷ್ಟ. ಎಟಿಪಿಎಲ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ಇರುವವರಿಗೆ ಕಡಲ ಹಾರಾಟ, ರೋಗಿಗಳ ಸಾಗಣೆ, ಇಬ್ಬರು ಪೈಲಟ್ಟುಗಳ ದೊಡ್ಡ ಯಂತ್ರಗಳು ಮುಂತಾದ ಕೆಲಸಗಳಿಗೂ ಅರ್ಜಿ ಹಾಕುವ ಅವಕಾಶವಿದೆ. ಇಲ್ಲವೆನ್ನುವ ಸ್ವಾತಂತ್ರ್ಯವನ್ನು ಕೊಡುವುದೇ ಒಳ್ಳೆಯ ಅರ್ಹತೆಯ ನಿಜವಾದ ಬೆಲೆ. ಹಿಂದಿನ ಆಸನದಲ್ಲಿ ಕುಳಿತ ನಮ್ಮ ಜೀವ ಉಳಿಯುವುದೂ ಅದರಿಂದಲೇ.

ವಯಸ್ಸಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಅಂತಾರಾಷ್ಟ್ರೀಯ ನಿಯಮದಂತೆ ವಾಣಿಜ್ಯ ಸಾರಿಗೆಯಲ್ಲಿ ಒಬ್ಬರೇ ಪೈಲಟ್ ಆಗಿ ಹಾರುವವರಿಗೆ ಮಿತಿ 60 ವರ್ಷ. ಇಬ್ಬರು ಪೈಲಟ್ಟುಗಳಿರುವ ಹಾರಾಟದಲ್ಲಿ 65. ಪಿಂಚಣಿಯಿಲ್ಲದವರಿಗೆ ಆ ಐದು ವರ್ಷ ಸಣ್ಣದಲ್ಲ.

ಟೈಪ್ ರೇಟಿಂಗ್ ಕೊನೆಗಿರಲಿ ಎಂದೆ. ಯಂತ್ರದ ಹಣೆಬರಹ ಪೈಲಟ್ಟಿನ ಕೈಯಲ್ಲಿರುವುದಿಲ್ಲ. 2016ರ ಏಪ್ರಿಲ್ 29ರಂದು ನಾರ್ವೆಯಲ್ಲಿ ಸೂಪರ್ ಪೂಮಾ ಜಾತಿಯ ಹೆಲಿಕಾಪ್ಟರಿನ ಮುಖ್ಯ ರೆಕ್ಕೆಚಕ್ರವೇ ಕಳಚಿ 13 ಮಂದಿ ಸತ್ತಾಗ, ಉತ್ತರ ಸಮುದ್ರದ ಮೇಲೆ ಆ ಮಾದರಿಯ ಹಾರಾಟ ನಿಂತುಹೋಯಿತು. ತೈಲದ ಬೆಲೆಯೂ ಕುಸಿದಿದ್ದ ಕಾಲವದು. ಆ ಒಂದೇ ಮಾದರಿಯನ್ನು ನಂಬಿದ್ದವರ ಪಾಡು ಊಹಿಸಬಹುದು. ನಮ್ಮಲ್ಲಿಯೂ 2025ರ ಜನವರಿ 5ರಂದು ಪೋರಬಂದರದಲ್ಲಿ ಕರಾವಳಿ ಕಾವಲು ಪಡೆಯ ಧ್ರುವ್ ಬಿದ್ದ ಮೇಲೆ ಧ್ರುವ್ ಹೆಲಿಕಾಪ್ಟರುಗಳ ಹಾರಾಟವನ್ನು ತಿಂಗಳುಗಟ್ಟಲೆ ನಿಲ್ಲಿಸಲಾಗಿತ್ತು. ಮಾದರಿಗಳು ಬರುತ್ತವೆ, ಹೋಗುತ್ತವೆ. ಓದು ಮತ್ತು ಉಪಕರಣ ವಿದ್ಯೆ ಯಾವ ಮಾದರಿಗೂ ಸಲ್ಲುತ್ತವೆ. ಯಾವ ಯಂತ್ರ ಹಾರಿಸಬೇಕೆಂಬುದನ್ನು ಕೆಲಸ ಕೊಡುವವರು ನಿರ್ಧರಿಸುವುದರಿಂದ ಅದರ ಖರ್ಚನ್ನು ಅವರೇ ವಹಿಸಿಕೊಳ್ಳುವಂತೆ ಕೇಳುವುದು ನ್ಯಾಯ.

ಕಡಲಾಚೆಯ ಪರವಾನಗಿಗಳ ಆಸೆಯೂ ಅನೇಕರಿಗುಂಟು. ಅಮೆರಿಕ ತನ್ನ ಸೇನೆಯ ಪೈಲಟ್ಟುಗಳಿಗೆ ಸೈನಿಕ ಸಾಮರ್ಥ್ಯದ ಆಧಾರದಲ್ಲಿ ಒಂದು ಲಿಖಿತ ಪರೀಕ್ಷೆಯ ಮೂಲಕ ವಾಣಿಜ್ಯ ಪರವಾನಗಿ ಕೊಡುತ್ತದೆ. ಅದನ್ನು ಕೇಳಿ ನಮ್ಮವರು ನಮಗೂ ಹಾಗೆಯೇ ಎಂದುಕೊಳ್ಳಬಾರದು. ಬ್ರಿಟನ್ 2020ರ ಕೊನೆಗೆ ಯೂರೋಪಿನ ವಿಮಾನಯಾನ ಸುರಕ್ಷತಾ ವ್ಯವಸ್ಥೆಯಿಂದ ಹೊರಬಂದುದರಿಂದ ಅಲ್ಲಿನ ಪರವಾನಗಿ ಯೂರೋಪಿನಲ್ಲಿ ತಾನಾಗಿ ಸಲ್ಲುವುದಿಲ್ಲ. ಎಲ್ಲಿ ಬಾಳುವೆ ಮಾಡುತ್ತೇವೆಂಬುದು ನಿಶ್ಚಯವಾದ ಮೇಲೆ ಅಲ್ಲಿನ ಪರವಾನಗಿಗೆ ಹಣ ಹಾಕಬೇಕೇ ಹೊರತು ಗೋಡೆಗೆ ತೂಗುಹಾಕಲು ಅಲ್ಲ. ಸೇನೆಯಲ್ಲಿ ಬೋಧಕರಾಗಿದ್ದವರು ಮಾತ್ರ ತಮ್ಮ ಬೋಧನೆಯ ಅರ್ಹತೆಯನ್ನು ನಾಗರಿಕ ಪರವಾನಗಿಯ ಮೇಲೆಯೂ ಬರೆಸಿಕೊಳ್ಳಲು ಪ್ರಯತ್ನಿಸಲಿ. ಕಲಿಸುವವರು ಮರೆಯುವುದಿಲ್ಲ. ಇದು ಮೇಷ್ಟ್ರ ಪಕ್ಷಪಾತವೆಂದು ನಕ್ಕರೂ ಸರಿಯೇ.

ನನ್ನ ವಿದ್ಯಾರ್ಥಿನಿ ಉದ್ದದ ದಾರಿಯನ್ನೇ ಆರಿಸಿಕೊಂಡಿದ್ದಾಳೆ. ಒಂದು ಯಾತ್ರಾ ಋತುವಿನ ಸಂಪಾದನೆಯನ್ನು ಬಿಟ್ಟಳು. ಮನೆಯಲ್ಲಿ ಅಸಮಾಧಾನವಿತ್ತು, ಮಗಳ ಶಾಲೆಯ ಶುಲ್ಕವನ್ನು ಉಳಿತಾಯದಿಂದ ಕಟ್ಟಬೇಕಾಯಿತು. ಇಷ್ಟು ಬೆಲೆ ತೆರಲು ಎಲ್ಲರಿಗೂ ಸಾಧ್ಯವಿಲ್ಲವೆಂಬುದನ್ನು ನಾನು ಬಲ್ಲೆ. ಸರ್ಕಾರದ ಕರ್ತವ್ಯ ಆರಂಭವಾಗುವುದು ಇಲ್ಲಿಯೇ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ಸೇವೆಯಿಂದ ಹೊರಡುವ ಅಧಿಕಾರಿಗಳಿಗೆ ವ್ಯವಹಾರ ನಿರ್ವಹಣೆಯಂತಹ ಕೋರ್ಸುಗಳನ್ನು ಏರ್ಪಡಿಸುತ್ತದೆ. ಪೈಲಟ್ಟುಗಳಿಗೆ ಅದರ ಬದಲು ನಾಗರಿಕ ಮಾನದಂಡದ ಸಿಮ್ಯುಲೇಟರ್ ತರಬೇತಿ ಕೊಡಿಸಬಾರದೇಕೆ? ಎಚ್‌ಎಎಲ್ ಸಹಭಾಗಿತ್ವದ ಹೆಲಿಕಾಪ್ಟರ್ ಸಿಮ್ಯುಲೇಟರ್ ಅಕಾಡೆಮಿಯೊಂದು 2010ರಲ್ಲಿಯೇ ಬೆಂಗಳೂರಿನಲ್ಲಿ ಆರಂಭವಾಯಿತು. ವಾಯುಪಡೆಯ ವೈಟ್, ಗ್ರೀನ್, ಮಾಸ್ಟರ್ ಗ್ರೀನ್ ಎಂಬ ಉಪಕರಣ ಹಾರಾಟದ ಶ್ರೇಣಿಗಳಿಗೆ ನಾಗರಿಕ ಪರೀಕ್ಷೆಯಲ್ಲಿ ಎಷ್ಟು ಮನ್ನಣೆಯೆಂಬುದನ್ನು ಎಲ್ಲರಿಗೂ ತಿಳಿಯುವಂತೆ ಒಂದು ಪುಟದಲ್ಲಿ ಬರೆದು ಕೊಟ್ಟರೆ ಎಷ್ಟೋ ಮಂದಿಯ ಹಣ, ಕಾಲ ಉಳಿದೀತು.

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಯಂತ್ರ ತಯಾರಿಸುವುದರಲ್ಲಿ ತೋರುವ ಆಸಕ್ತಿಯ ಒಂದಂಶವನ್ನಾದರೂ ಅದನ್ನು ಹಾರಿಸುವವರ ಓದಿನ ಮೇಲೆ ತೋರೋಣ. ಸೇನೆಯಿಂದ ಹೊರಡುವ ಸಿದ್ಧತೆಯಲ್ಲಿರುವವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಮೊದಲ ಸಂಬಳ ಎಂದು ಬರುತ್ತದೆಂದು ಅವರನ್ನು ಅವಸರಪಡಿಸಬೇಡಿ. ಓದಿಗೆ ಒಂದು ವರ್ಷ ಬಿಟ್ಟುಕೊಡಿ. ಆ ಒಂದು ವರ್ಷ ಮುಂದಿನ ಇಪ್ಪತ್ತೈದು ವರ್ಷಗಳ ಕೆಲಸವನ್ನು ಕಾಯಬಲ್ಲದು, ಅವರನ್ನು ನಂಬಿ ಹತ್ತುವ ಅಪರಿಚಿತರ ಪ್ರಾಣವನ್ನೂ ಕಾಯಬಲ್ಲದು.